ಎರಡು ಇಂಜಿನ್ ಕೊಂದು ಒಂದು ಟ್ರೋಫಿ

"ಹೆಡ್ ತಾನೇ ಸಾರ್? ನಟ್ ಬಿಚ್ಚಿದ್ರೆ ಬಂತು, ಇನ್ನೊಂದು ಕೂರಿಸಿದ್ರೆ ಆಯ್ತು."

ಹಳೇ ಕಾರಿನ ಗ್ಯಾರೇಜುಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ದುಡ್ಡಿದ್ದವನು ಆಡುತ್ತಾನೆ. ಮೆಕ್ಯಾನಿಕ್ ಹೂಂಗುಟ್ಟುತ್ತಾನೆ. ಪಕ್ಕದಲ್ಲಿ ನಿಂತ ಗೆಳೆಯರು ತಲೆಯಾಡಿಸುತ್ತಾರೆ. ಅರವತ್ತು ವರ್ಷ ಒಂದರ ಮೇಲೊಂದು ಕೂತು ದುಡಿದ ಇಂಜಿನ್ನಿನ ಬ್ಲಾಕು, ಅದರ ಮುಚ್ಚಳದಂಥ ಹೆಡ್ಡು ಸಂಜೆಯೊಳಗೆ ಬೇರೆಬೇರೆ. ಒಂದು ಬೆಂಚಿನ ಮೇಲೆ. ಒಂದು ಗುಜರಿಗೆ.

ಯಾರಿಗೂ ಏನೂ ಅನ್ನಿಸುವುದಿಲ್ಲವೇ? ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಹೇಳುತ್ತಿರುವುದು ಬಿ-ಸೀರೀಸ್ ಇಂಜಿನ್ನಿನ ಮಾತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ 1950ರ ದಶಕದಲ್ಲಿ ಮನೆಮನೆಗೆ ಮುಟ್ಟಿಸಿದ ಇಂಜಿನ್. ಮಾರಿಸ್ ಆಕ್ಸ್‌ಫರ್ಡ್‌ನಲ್ಲಿ ಇದೇ. ಎಂಜಿ ಮ್ಯಾಗ್ನೆಟ್‌ನಲ್ಲಿ ಇದೇ. ಎಂಜಿಎ, ಎಂಜಿಬಿ ಎಂಬ ಎರಡು ಸೀಟಿನ ಚೆಲುವೆಯರ ಎದೆಯಲ್ಲಿ ಮಿಡಿದದ್ದೂ ಇದೇ. ನಮ್ಮ ಅಂಬಾಸಡರ್? ಅದರದ್ದೂ ಇದೇ 1489 ಸಿಸಿ. ನಿಮ್ಮ ಊರಿಗೆ ಡಿಸಿ ಬಂದಿದ್ದು, ಮಂತ್ರಿ ಬಂದಿದ್ದು, ಮದುವೆ ಗಂಡು ಬಂದಿದ್ದು ಎಲ್ಲ ಈ ಇಂಜಿನ್ನಿನ ಸದ್ದಿನ ಜೊತೆಗೇ. ಹಾಗಾಗಿ ಇದು ಯಾವುದೋ ದೂರದೇಶದ ಸಾಹುಕಾರರ ಜಗಳ ಎಂದು ಪುಟ ತಿರುಗಿಸಬೇಡಿ. ಕಡಿಯುತ್ತಿರುವುದು ನಮ್ಮನೆಯ ಕರುಳಬಳ್ಳಿಯನ್ನೂ ಹೌದು.

ಈ ಕುಟುಂಬದ ಇಂಜಿನ್ನುಗಳಲ್ಲಿ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂರುತ್ತವೆ. ಅದೇ ಶಾಪವಾಯಿತು. ಎಂಜಿಎ 1500ರಲ್ಲಿ 1489 ಸಿಸಿ. 1959ರಲ್ಲಿ ಅದು 1588 ಆಯಿತು. 1961ರಲ್ಲಿ 1622. 1962ರಲ್ಲಿ ಎಂಜಿಬಿ ಬಂತು, 1798. ಪ್ರತಿ ಸಲವೂ ಸಿಲಿಂಡರಿನ ಬಾಯಗಲ, ಅಂದರೆ ಬೋರ್, ದೊಡ್ಡದಾಯಿತು. ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, ಮಾತ್ರ ಕದಲಲಿಲ್ಲ, 88.9 ಮಿಲಿಮೀಟರ್. ಇಷ್ಟು ಗೊತ್ತಾಗಿದ್ದೇ ತಡ, ಅರೆಬರೆ ತಿಳಿದವರು ಶುರುಹಚ್ಚಿಕೊಂಡರು. ಎಂಜಿಬಿ ಹೆಡ್ಡಿನ ವಾಲ್ವ್ ದೊಡ್ಡದು, ಕಿತ್ತು ತಂದು ಎಂಜಿಎ ಮೇಲೆ ಹಾಕಿದರೆ ಪಿಕಪ್ ಬರುತ್ತದೆ ಅಂತ. ತಂದರು. ಹಾಕಿದರು.

ಆಮೇಲೆ ಏನಾಯಿತು ಅಂತ ಯಾರಾದರೂ ಹೇಳಿದರೇ?

ನಾನು ಹೇಳುತ್ತೇನೆ. 1500ರ ಬೋರ್ 73 ಮಿಲಿಮೀಟರ್. ಎಂಜಿಬಿಯದು 80. ಏಳು ಮಿಲಿಮೀಟರ್ ವ್ಯತ್ಯಾಸ. ಹಂಡೆಯ ಮುಚ್ಚಳ ತಂದು ಚೆಂಬಿಗೆ ಮುಚ್ಚಿದ ಹಾಗೆ. ದೊಡ್ಡ ಬೋರಿಗೆಂದೇ ಅಳೆದು ಮಾಡಿದ ಚೇಂಬರ್, ಅಂದರೆ ಪೆಟ್ರೋಲು ಉರಿಯುವ ಗೂಡು, ಸಣ್ಣ ಬೋರಿನ ಅಂಚನ್ನು ದಾಟಿ ಹೊರಗೆ ಚಾಚುತ್ತದೆ. ಗ್ಯಾಸ್ಕೆಟ್ಟಿನ ಅಂಚು ಬೆಂಕಿಯ ಬಾಯಿಗೆ ಬೀಳುತ್ತದೆ. ದೊಡ್ಡ ಎಕ್ಸಾಸ್ಟ್ ವಾಲ್ವ್ ಕೆಳಗಿಳಿದಾಗ ಬ್ಲಾಕಿನ ಮೈಗೇ ಬಡಿಯುತ್ತದೆ. ಬಡಿಯಬಾರದು ಅಂದರೆ? ಬ್ಲಾಕನ್ನು ಕೊರೆಯಬೇಕು. ಒಂದೊಂದು ಸಿಲಿಂಡರಿನ ಬಾಯಲ್ಲೂ ಅರ್ಧಚಂದ್ರದಂಥ ಗುಂಡಿ ತೋಡಬೇಕು. ತೋಡುವವನ ಕೈ ಕೂದಲೆಳೆಯಷ್ಟು ಜಾರಿ ಆಳಕ್ಕೆ ಹೋದರೆ ಪಿಸ್ಟನ್ ರಿಂಗ್ ಓಡಾಡುವ ಜಾಗಕ್ಕೆ ತಾಗುತ್ತದೆ. ಅಲ್ಲಿಗೆ ಆ ಬ್ಲಾಕಿನ ಕತೆ ಮುಗಿಯಿತು.

ತೋಡಿದ ಗುಂಡಿ ಮತ್ತೆ ತುಂಬುತ್ತದೆಯೇ? ಕೊರೆದ ಕಬ್ಬಿಣ ಚಿಗುರುತ್ತದೆಯೇ?

ಇನ್ನೂ ಇದೆ, ಕೇಳಿ. 1500ರ ಹೆಡ್ಡಿನ ಚೇಂಬರ್ ಸುಮಾರು 38 ಸಿಸಿ ಹಿಡಿಯುತ್ತದೆ. ಎಂಜಿಬಿಯದು 43. ಸಣ್ಣ ಇಂಜಿನ್ನಿನ ಮೇಲೆ ದೊಡ್ಡ ಚೇಂಬರ್ ಕೂತರೆ ಕಂಪ್ರೆಷನ್, ಅಂದರೆ ಮಿಶ್ರಣವನ್ನು ಒತ್ತುವ ಪ್ರಮಾಣ, ಬೀಳುತ್ತದೆ. 8.3 ಇದ್ದದ್ದು ಏಳೂವರೆಯ ಹತ್ತಿರಕ್ಕೆ ಕುಸಿಯುತ್ತದೆ. ಲೆಕ್ಕ ಮಾಡಲು ಎಂಟನೇ ಕ್ಲಾಸಿನ ಗಣಿತ ಸಾಕು. ಪಿಕಪ್ ಬೇಕು ಅಂತ ಹೋದವನಿಗೆ ಇದ್ದ ಕಸುವೂ ಹೋಯಿತು. ಆಗಲಾದರೂ ತಪ್ಪು ಒಪ್ಪಿಕೊಂಡು ಹಳೇ ಹೆಡ್ ವಾಪಸ್ ಹಾಕುತ್ತಾರೆಯೇ? ಇಲ್ಲ. ಹೊಸದಾಗಿ ತಂದ ಹೆಡ್ಡನ್ನು ಲೇತ್ ಅಂಗಡಿಗೆ ಹೊರುತ್ತಾರೆ. "ಫೇಸಿಂಗ್ ಮಾಡು" ಅನ್ನುತ್ತಾರೆ. ಎಷ್ಟು ತೆಗೆಯಬೇಕು? "ಚೆನ್ನಾಗಿ ತೆಗಿ."

ಚೆನ್ನಾಗಿ ತೆಗೆದರು. ಈಗ ಹೆಡ್ ತೆಳ್ಳಗಾಯಿತು. ಪುಶ್ ರಾಡ್ ಅದಕ್ಕೆ ಉದ್ದವಾಯಿತು. ರಾಕರ್ ಕೂರುವ ಕೋನ ಕೆಟ್ಟಿತು. ವಾಲ್ವ್ ಗೈಡ್ ಒಂದು ಕಡೆ ಸವೆಯತೊಡಗಿತು. ನೀರಿನ ದಾರಿಯ ಕೆಳಗಿನ ಗೋಡೆ ಸೊರಗಿತು. ಬಿಸಿಯಾದರೆ ಸಾಕು, ಬಾಗುವುದಕ್ಕೆ ಹೆಡ್ ಸಿದ್ಧ. ನಡುವಿನ ಎರಡು ಸಿಲಿಂಡರುಗಳ ಎಕ್ಸಾಸ್ಟ್ ಒಂದೇ ಬಾಯಲ್ಲಿ ಹೊರಬೀಳುವ ವಿನ್ಯಾಸ ಇದರದ್ದು, ಅಲ್ಲಿ ಮೊದಲೇ ಶಾಖ ಜಾಸ್ತಿ. ಬಿರುಕು ಬಿಡುವುದು ಅಲ್ಲೇ. ಹೀಗೆ ಒಂದು ತಪ್ಪನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಕಡೆಗೆ ಎಂಜಿಎ ಬ್ಲಾಕೂ ಹೋಯಿತು, ಎಂಜಿಬಿ ಹೆಡ್ಡೂ ಹೋಯಿತು.

ಮತ್ತು ಆ ಹೆಡ್ ಕಳೆದುಕೊಂಡ ಎಂಜಿಬಿ ಎಲ್ಲಿದೆ? ಅದನ್ನು ಯಾರೂ ಕೇಳುವುದಿಲ್ಲ. ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ತಯಾರಾದವಲ್ಲ, ಒಂದು ಹೋದರೆ ಏನು ಮಹಾ ಎಂಬ ಧಿಮಾಕು. ಬಾಯಿ ತೆರೆದ ಬ್ಲಾಕ್ ಶೆಡ್ಡಿನ ಹಿಂದೆ ಮಳೆಗೆ ನೆನೆಯುತ್ತದೆ. ಮೊದಲ ಮಳೆಗೆ ಬೋರಿನಲ್ಲಿ ತುಕ್ಕು. ಎರಡನೆಯ ಮಳೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮೂರನೆಯ ಮಳೆ ಬರುವುದರೊಳಗೆ ತೂಕಕ್ಕೆ ಹೋಗಿರುತ್ತದೆ.

ಈ ಹೆಡ್ಡನ್ನು ರೂಪಿಸಿದವರು ಹ್ಯಾರಿ ವೆಸ್ಲೇಕ್. ಗಾಳಿ ಹೇಗೆ ಹರಿಯುತ್ತದೆ, ಎಲ್ಲಿ ಸುಳಿಯುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನೇ ಜೀವನಪೂರ್ತಿ ಬೆನ್ನುಹತ್ತಿದ ಮನುಷ್ಯ. ಜಾಗ್ವಾರ್ ಎಕ್ಸ್‌ಕೆ ಇಂಜಿನ್ನಿನ ಹೆಡ್ಡಿನ ಹಿಂದೆಯೂ ಅವರ ಕೈಯಿದೆ. ಬಿ-ಸೀರೀಸ್ ಹೆಡ್ ತಿರುವಿ ಹಾಕಿ ನೋಡಿ. ಚೇಂಬರ್ ಹೃದಯದ ಆಕಾರದಲ್ಲಿದೆ. ಎರಡು ವಾಲ್ವುಗಳ ನಡುವೆ ಒಂದು ಮೂತಿ ಚಾಚಿದೆ. ಒಳಬಂದ ಮಿಶ್ರಣ ಆ ಮೂತಿಗೆ ತಾಗಿ ತಿರುಗಬೇಕು, ತಿರುಗಿದರೆ ಸರಿಯಾಗಿ ಉರಿಯುತ್ತದೆ. ಬೆರಳಿಟ್ಟು ಸವರಿದರೆ ಆ ತಿರುವು ಕೈಗೆ ಸಿಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಗಾಳಿಯನ್ನು ಅಳೆದು ಅಳೆದು ಕಂಡುಕೊಂಡ ತಿರುವು ಅದು. ಅದರ ಮೇಲೆ ನೀವು ಗ್ರೈಂಡರ್ ಆಡಿಸುತ್ತೀರಲ್ಲ, ಯಾವ ಧೈರ್ಯದಲ್ಲಿ? ಏನನ್ನು ಅಳೆದಿದ್ದೀರಿ? ಯಾವ ಲೆಕ್ಕ ಬರೆದಿದ್ದೀರಿ?

ಹೆಡ್ ಬಿಚ್ಚುವ ರೀತಿಯನ್ನಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ದಶಕಗಟ್ಟಲೆ ಕೂತ ಹೆಡ್ ಸುಲಭಕ್ಕೆ ಏಳುವುದಿಲ್ಲ. ಸ್ಟಡ್ಡುಗಳಿಗೆ ಎಣ್ಣೆ ಬಿಟ್ಟು ಕಾಯಬೇಕು. ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು. ಪ್ಲಗ್ ಹಾಗೇ ಬಿಟ್ಟು ಇಂಜಿನ್ ತಿರುಗಿಸಿದರೆ ಒಳಗಿನ ಒತ್ತಡವೇ ಎಷ್ಟೋ ಸಲ ಹೆಡ್ಡನ್ನು ಸಡಿಲ ಮಾಡುತ್ತದೆ. ಅಷ್ಟು ವ್ಯವಧಾನ ಯಾರಿಗಿದೆ? ಹೆಡ್ಡಿಗೂ ಬ್ಲಾಕಿಗೂ ನಡುವೆ ಉಳಿ ಇಡುತ್ತಾರೆ. ಸುತ್ತಿಗೆಯಿಂದ ಬಡಿಯುತ್ತಾರೆ. ಉಳಿಯ ಮೊನೆ ಗ್ಯಾಸ್ಕೆಟ್ ಹರಿದು ಕಬ್ಬಿಣಕ್ಕೆ ಕಚ್ಚುತ್ತದೆ. ಕನ್ನಡಿಯಂತಿದ್ದ ಮೈಮೇಲೆ ಒಂದು ಬಿಳಿ ಗೀರು. ಆ ಗೀರಿನ ಮೂಲಕವೇ ನಾಳೆ ನೀರು ಎಣ್ಣೆಗೆ ಇಳಿಯುವುದು. ಎಣ್ಣೆ ಹಾಲುಚಹಾದ ಬಣ್ಣಕ್ಕೆ ತಿರುಗುವುದು. ಬೇರಿಂಗ್ ತಿನ್ನುವುದು. ಗೀರು ಬಿದ್ದ ಆ ಗಳಿಗೆಯಲ್ಲಿ ಕಾರಿನ ಯಜಮಾನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ತಿರುಗಿಯೂ ನೋಡಲಿಲ್ಲ.

ಮತ್ತೆ ಕೂರಿಸುವಾಗಲೂ ಅಷ್ಟೇ. ಎಂಜಿಎ ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, 50 ಪೌಂಡ್-ಅಡಿಗೆ ಬಿಗಿಯಬೇಕು. ಟಾರ್ಕ್ ರೆಂಚ್ ಎಲ್ಲಿ ಅಂತ ಕೇಳಿ. "ಕೈ ಅಂದಾಜು ಇದೆ ಸಾರ್" ಅನ್ನುತ್ತಾರೆ.

ಆದರೆ ಆ ಮೆಕ್ಯಾನಿಕ್ ಹುಡುಗನ ಮೇಲೆ ನನ್ನ ಸಿಟ್ಟಿಲ್ಲ. ಯಜಮಾನರೇ, ಅವನಿಗೆ ಕೂಲಿ ಎಷ್ಟು ಕೊಡುತ್ತೀರಿ? ಕಲಿಯಲು ಎಷ್ಟು ದಿನ ಬಿಟ್ಟಿರಿ? ಬಂಪರಿನ ಕ್ರೋಮಿಗೆ ಸುರಿಯುವ ದುಡ್ಡಿನಲ್ಲಿ ಅವನ ಕೈಗೊಂದು ಟಾರ್ಕ್ ರೆಂಚ್ ಕೊಡಿಸಿದ್ದೀರಾ? ಭಾನುವಾರ ರ್ಯಾಲಿ ಇದೆ, ಶನಿವಾರಕ್ಕೆ ಗಾಡಿ ಆಗಲೇಬೇಕು ಅಂತ ಅವನ ಕುತ್ತಿಗೆ ಮೇಲೆ ಕೂತವರು ನೀವು. ಉಳಿ ಹಿಡಿದ ಕೈ ಅವನದು. ಬಡಿಸಿದವರು ನೀವು.

ಇನ್ನು ನಂಬರಿನ ವಿಷಯ. ಇಲ್ಲಿ ನಡೆಯುವ ಮೋಸ ಎಲ್ಲಕ್ಕಿಂತ ಹೊಲಸು.

ಎಂಜಿಎ 1500ರ ಇಂಜಿನ್ ನಂಬರ್ ನೋಡಿ. 15ಜಿಬಿ, ಅಥವಾ 15ಜಿಡಿ. 15 ಅಂದರೆ 1500. ಮುಂದೆ ಒಂದು ಎಚ್ ಅಕ್ಷರ ಬರುತ್ತದೆ. ಹೈ ಕಂಪ್ರೆಷನ್ ಅಂತ ಅದರ ಅರ್ಥ. ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಿದ್ದ ದಿನ ಈ ಇಂಜಿನ್ ಹೇಗಿತ್ತು ಎಂದು ಕೊಟ್ಟ ಮಾತು ಅದು. ಆ ಮಾತನ್ನು ಉಳಿಸುವುದು ಪಿಸ್ಟನ್ ಮತ್ತು ಹೆಡ್ ಎರಡೂ ಸೇರಿ. ನೀವು ಹೆಡ್ ಕಿತ್ತು ಬೇರೆಯದು ಹಾಕಿದಿರಿ, ಕಂಪ್ರೆಷನ್ ಏಳೂವರೆಗೆ ಬಂತು. ಆ ಎಚ್ ಈಗ ಸುಳ್ಳು. ಅದೇ ಸುಳ್ಳನ್ನು ಮುಂದಿಟ್ಟುಕೊಂಡು "ಮ್ಯಾಚಿಂಗ್ ನಂಬರ್ ಗಾಡಿ" ಅಂತ ಮಾರುತ್ತೀರಿ. ಕೊಂಡವನು ಆರ್‌ಸಿ ನೋಡುತ್ತಾನೆ, ಚಾಸಿ ನಂಬರ್ ಸರಿ, ಇಂಜಿನ್ ನಂಬರ್ ಸರಿ, ಹಣ ಎಣಿಸುತ್ತಾನೆ. ಹೆಡ್ಡಿನ ಮೇಲಿನ ಎರಕದ ನಂಬರ್ ಎಲ್ಲಿಯೂ ದಾಖಲಾಗುವುದಿಲ್ಲ. 12ಎಚ್906 ಅಂತ ದಪ್ಪಕ್ಕೆ ಎದ್ದು ಕಾಣುವಂತೆ ಬರೆದಿದ್ದರೂ, ಅದು ಎಂಜಿಬಿಯದು, 1500ರ ಮೇಲೆ ಇರಬೇಕಾದ್ದೇ ಅಲ್ಲ ಅಂತ ಹೇಳುವ ಒಂದು ಕಾಗದವೂ ಇಲ್ಲ. ಬ್ಲಾಕ್ ಕದ್ದರೆ ಪೊಲೀಸ್ ಕೇಸು. ಹೆಡ್ ಕದ್ದರೆ ಕೇಳುವವನೇ ಇಲ್ಲ.

ಸರ್ಕಾರ ಏನು ಮಾಡುತ್ತಿದೆ? 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರ. ನಿಯಮ ಒಳ್ಳೆಯದೇ. ಆದರೆ ಸಾಹೇಬರೇ, ಇಂಜಿನ್ ಮಾರ್ಪಾಡಾಗಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ಬ್ಲಾಕಿನ ನಂಬರ್ ತಾಳೆ ಹಾಕಿ ಸಹಿ ಮಾಡಿದರೆ ಆಯಿತೇ? ಕೊರೆದ ಬ್ಲಾಕು, ಅರೆದ ಹೆಡ್ಡು ಬಾನೆಟ್ ಕೆಳಗೇ ಇದ್ದರೂ ಎರಕದ ನಂಬರ್ ಓದಲು ಗೊತ್ತಿರುವ ಒಬ್ಬರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೀರಾ? 20,000 ಎಣಿಸಿಕೊಳ್ಳುವುದಕ್ಕೆ ಗೊತ್ತಿದೆ. ಆ ದುಡ್ಡಿಗೆ ತಕ್ಕ ಹಾಗೆ ನೋಡುವುದಕ್ಕೆ ಗೊತ್ತಿಲ್ಲವೇ?

ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ. ಹೀಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ತೆಗೆಯಬಹುದು, ಅಷ್ಟೇ. ಹಾಗಾದರೆ ಪಿಕಪ್ ಯಾರಿಗೆ ಬೇಕು? ವರ್ಷಕ್ಕೆ ಬೆರಳೆಣಿಕೆಯಷ್ಟು ದಿನ ಹೂಮಾಲೆ ಹಾಕಿಸಿಕೊಂಡು ಮೆಲ್ಲಗೆ ಸಾಗುವ ಗಾಡಿಗೆ ಇನ್ನೂ ನಾಲ್ಕು ಕುದುರೆ ಬಲ ಯಾತಕ್ಕೆ? ಯಾರ ಜೊತೆ ರೇಸು?

ರ್ಯಾಲಿಯ ತೀರ್ಪುಗಾರರೇ, ನಿಮಗೂ ಇದೆ. ಪೇಂಟ್ ಮಿಂಚುತ್ತಿದೆಯೇ ನೋಡುತ್ತೀರಿ. ಸೀಟಿನ ಚರ್ಮ ಮುಟ್ಟಿ ನೋಡುತ್ತೀರಿ. ಯಜಮಾನನ ಹಳೇ ಕಾಲದ ಟೋಪಿ ನೋಡಿ ನಗುತ್ತೀರಿ. ಇಂಜಿನ್ನಿಗೆ ಬಣ್ಣ ಬಳಿದಿದ್ದರೆ ಅಂಕ ಕೊಡುತ್ತೀರಿ. ಆ ಬಣ್ಣದ ಕೆಳಗೆ ಯಾವ ಹೆಡ್ ಇದೆ ಅಂತ ಬಗ್ಗಿ ಓದಿದವರು ನಿಮ್ಮಲ್ಲಿ ಎಷ್ಟು ಜನ? ಕೊರೆದು ಕೆಡಿಸಿದ ಇಂಜಿನ್ನಿಗೆ ನೀವು ಕಪ್ ಕೊಟ್ಟ ದಿನವೇ ಪಕ್ಕದ ಗಾಡಿಯ ಯಜಮಾನ ತೀರ್ಮಾನ ಮಾಡಿರುತ್ತಾನೆ, ತಾನೂ ಹೆಡ್ ಬದಲಿಸುವುದು ಅಂತ. ನಿಮ್ಮ ಟ್ರೋಫಿ ಅವನಿಗೆ ಸಿಕ್ಕ ಪರ್ಮಿಷನ್.

ಕಿತ್ತು ಎಸೆಯುವ ಅವಸರ ಏನು ಮಾಡುತ್ತದೆ ಎನ್ನುವುದಕ್ಕೆ ಇದೇ ಕುಟುಂಬದಲ್ಲಿ ಒಂದು ಸಾಕ್ಷಿ ಇದೆ. ಎಂಜಿಎ ಟ್ವಿನ್ ಕ್ಯಾಮ್. 1958ರಲ್ಲಿ ಬಂತು. ಬಿ-ಸೀರೀಸ್ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್, ಎರಡು ಕ್ಯಾಮ್‌ಶಾಫ್ಟ್, 1588 ಸಿಸಿ, 108 ಕುದುರೆ ಬಲ. ಕಂಪ್ರೆಷನ್ 9.9. ಪಿಸ್ಟನ್ ತೂತಾಗತೊಡಗಿದವು. ಗಿರಾಕಿಗಳು ಬೈದರು, ಪತ್ರಿಕೆಗಳು ಬೈದವು. ಕಂಪ್ರೆಷನ್ ಅನ್ನು 8.3ಕ್ಕೆ ಇಳಿಸಿದರು. ಆದರೂ ಹೆಸರು ಕೆಟ್ಟಿತ್ತು. 1960ಕ್ಕೆ ನಿಲ್ಲಿಸಿಯೇಬಿಟ್ಟರು. ಒಟ್ಟು ಆಗಿದ್ದು 2,111 ಗಾಡಿ. ಒಂದು ಲಕ್ಷಕ್ಕೂ ಹೆಚ್ಚು ಎಂಜಿಎಗಳ ನಡುವೆ ಬರೀ 2,111. ಅವುಗಳಲ್ಲೂ ಎಷ್ಟೋ ಗಾಡಿಗಳ ಇಂಜಿನ್ ಕಿತ್ತು ಸಾಮಾನ್ಯ ಪುಶ್ ರಾಡ್ ಇಂಜಿನ್ ತುರುಕಿದರು. ಕಿತ್ತದ್ದನ್ನು ಜೋಪಾನ ಮಾಡಿದವರು ಕಡಿಮೆ.

ಆಮೇಲೆ ಗೊತ್ತಾದದ್ದೇನು? ಒಂದು ನಿರ್ದಿಷ್ಟ ವೇಗದಲ್ಲಿ ಇಂಜಿನ್ ನಡುಗಿದಾಗ ಕಾರ್ಬುರೇಟರಿನೊಳಗಿನ ಪೆಟ್ರೋಲು ನೊರೆಯಾಗುತ್ತಿತ್ತು. ಮಿಶ್ರಣ ತೆಳುವಾಗುತ್ತಿತ್ತು. ತೆಳು ಮಿಶ್ರಣಕ್ಕೆ ಪಿಸ್ಟನ್ ಸುಡುತ್ತಿತ್ತು. ಕಾರ್ಬುರೇಟರನ್ನು ಅಲುಗದಂತೆ ಮೆತ್ತಗೆ ಕೂರಿಸಿದ್ದರೆ ತಡೆಯಬಹುದಿತ್ತು. ಹೆಡ್ಡಿನ ತಪ್ಪೇ ಅಲ್ಲ ಅದು! ಕಾಯಿಲೆ ಒಂದು ಕಡೆ, ಕೊಯ್ದದ್ದು ಇನ್ನೊಂದು ಕಡೆ. ಕಾರಣ ಹುಡುಕುವ ತಾಳ್ಮೆಯಿಲ್ಲದೆ ಅಂಥ ಇಂಜಿನ್ನನ್ನು ಮೂಲೆಗೆ ಎಸೆದರು. ಅರವತ್ತು ವರ್ಷದ ಮೇಲೂ ನಾವು ಅದೇ ಮಾಡುತ್ತಿದ್ದೇವೆ. ಬಿಸಿಯಾಗುತ್ತಿದೆಯೇ, ಹೆಡ್ ಬದಲಿಸು. ನಾಕಿಂಗ್ ಬರುತ್ತಿದೆಯೇ, ಹೆಡ್ ಬದಲಿಸು. ರೇಡಿಯೇಟರ್ ಕಟ್ಟಿಕೊಂಡಿದೆಯೇ ನೋಡಿದಿರಾ? ಟೈಮಿಂಗ್ ನೋಡಿದಿರಾ? ಅದೇನೂ ಇಲ್ಲ.

ನಮ್ಮ ದೇಶಕ್ಕೆ ಬನ್ನಿ. ಹಳೇ ಬ್ರಿಟಿಷ್ ಕಾರುಗಳ ಹೊಟ್ಟೆಗೆ ಅಂಬಾಸಡರ್ ಇಂಜಿನ್ ತುಂಬಿದ್ದು ನಮ್ಮಲ್ಲಿ ಮನೆಮಾತು. ಲೈಸೆನ್ಸ್ ಕಾಲದಲ್ಲಿ ಅದನ್ನು ಮಾಡಿದವರನ್ನು ನಾನು ಬೈಯುವುದಿಲ್ಲ. ಆಮದು ಮುಚ್ಚಿತ್ತು. ಪಾರ್ಟ್ ಸಿಗುತ್ತಿರಲಿಲ್ಲ. ಸಿಕ್ಕಿದ್ದನ್ನು ಹಾಕಿ ಗಾಡಿಯನ್ನು ಬದುಕಿಸಿಕೊಂಡರು. ಅವರ ಕೈಗೆ ನಮಸ್ಕಾರ. ಸೀಸವಿರುವ ಪೆಟ್ರೋಲು 2000ದ ಫೆಬ್ರವರಿಯಲ್ಲಿ ದೇಶದಲ್ಲೆಲ್ಲ ನಿಂತ ಮೇಲೆ ಹಳೇ ಹೆಡ್ಡುಗಳಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರಲ್ಲ, ಅದೂ ನ್ಯಾಯವೇ. ಇದ್ದ ಹೆಡ್ಡನ್ನು ಉಳಿಸುವ ಕೆಲಸ ಅದು.

ಇವತ್ತು ನಿಮ್ಮ ನೆಪ ಏನು? ಇಂಗ್ಲೆಂಡಿನಲ್ಲಿ ಈ ಇಂಜಿನ್ನಿನ ಸಣ್ಣ ಸ್ಪ್ರಿಂಗಿನಿಂದ ಹಿಡಿದು ಎಲ್ಲ ಪಾರ್ಟೂ ಸಿಗುತ್ತದೆ. ಕಸುವು ಬೇಕೇ ಬೇಕು ಅನ್ನುವವರಿಗೆ ಎಂಜಿಬಿಗೆಂದೇ ಹೊಸ ಅಲ್ಯೂಮಿನಿಯಂ ಹೆಡ್ ಎರಕ ಹೊಯ್ದು ಮಾರುತ್ತಾರೆ. ಕೊಳ್ಳಿ, ನಿಮ್ಮ ಎಂಜಿಬಿಗೆ ಹಾಕಿ, ಓಡಿಸಿ. ಹಳೇ ಹೆಡ್ಡಿಗೆ ಗ್ರೀಸ್ ಬಳಿದು ಬಟ್ಟೆ ಸುತ್ತಿ ಕಪಾಟಿನಲ್ಲಿಡಿ. ಯಾರು ಬೇಡ ಅಂದರು? ಅದಕ್ಕೆ ದುಡ್ಡು ಬಿಚ್ಚುವುದಿಲ್ಲ. ಬದುಕಿರುವ ಇನ್ನೊಂದು ಗಾಡಿಯ ಹೆಡ್ ಕಿತ್ತರೆ ಅಗ್ಗವಾಗುತ್ತದಲ್ಲ!

ಅಂಬಾಸಡರಿಗೆ ಆ ಭಾಗ್ಯವೂ ಇಲ್ಲ. 2014ರ ಮೇ ತಿಂಗಳಲ್ಲಿ ಅದನ್ನು ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆಗೆ ಬೀಗ ಬಿತ್ತು. 2017ರಲ್ಲಿ ಹೆಸರನ್ನು 80 ಕೋಟಿಗೆ ಪ್ಯೂಜೋಗೆ ಮಾರಿದರು. ಹೆಸರಿಗೆ 80 ಕೋಟಿ! ಆ ಹೆಸರನ್ನು ಹೊತ್ತು ತಿರುಗಿದ ಕಬ್ಬಿಣಕ್ಕೆ? ಕಿಲೋ ಲೆಕ್ಕ. ಕೋಲ್ಕತ್ತದಲ್ಲಿ 15 ವರ್ಷ ತುಂಬಿದ ಹಳದಿ ಅಂಬಾಸಡರ್ ಟ್ಯಾಕ್ಸಿಗಳು ಸಾಲುಸಾಲಾಗಿ ಒಡೆಯುವ ಅಂಗಳಕ್ಕೆ ಹೋದವು. ಹೊಗೆಯುಗುಳುವ ಗಾಡಿ ರಸ್ತೆ ಬಿಡಲಿ, ನನ್ನದೇನೂ ತಕರಾರಿಲ್ಲ. ಒಳಗಿನ ಒಳ್ಳೇ ಹೆಡ್ಡನ್ನು, ಬಿರುಕಿಲ್ಲದ ಬ್ಲಾಕನ್ನು ತೆಗೆದಿಡಬೇಕು ಅಂತ ಒಂದು ಆದೇಶ ಹೊರಡಿಸಲು ಯಾರ ಗಂಟು ಹೋಗುತ್ತಿತ್ತು? ನಮ್ಮ ಇಲಾಖೆಗಳ ಹಿತ್ತಿಲಲ್ಲಿ, ತಾಲೂಕು ಕಚೇರಿಯ ಹುಣಸೆಮರದ ಕೆಳಗೆ ಟೈರಿಲ್ಲದೆ ಕೂತಿರುವ ಬಿಳಿ ಅಂಬಾಸಡರುಗಳನ್ನು ನೀವೂ ಕಂಡಿರುತ್ತೀರಿ. ಬಾನೆಟ್ ಎತ್ತಿ ನೋಡಿ. ಬಹಳ ಕಡೆ ಹೆಡ್ ಇರುವುದಿಲ್ಲ. ಹರಾಜಿಗೆ ಮುಂಚೆಯೇ ಹೋಗಿರುತ್ತದೆ. ಸಾರ್ವಜನಿಕರ ದುಡ್ಡಲ್ಲಿ ಕೊಂಡ ಗಾಡಿ ಅದು. ಯಾರು ತೆಗೆದರು? ಯಾರ ಗಾಡಿಗೆ ಹೋಯಿತು? ಕಡತದಲ್ಲಿ ಒಂದು ಸಾಲಾದರೂ ಇದೆಯೇ?

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ವಿಂಟೇಜ್ ನೋಂದಣಿಯ ಅರ್ಜಿಯಲ್ಲಿ ಹೆಡ್ಡಿನ ಎರಕದ ನಂಬರಿಗೆ ಒಂದು ಖಾನೆ. ಆ ನಂಬರಿನ ಫೋಟೊ ಒಂದು. ರ್ಯಾಲಿಯ ಅಂಕಪಟ್ಟಿಯಲ್ಲಿ ಅದೇ ನಂಬರಿಗೆ ಇನ್ನೊಂದು ಖಾನೆ. ಹರಾಜಿಗೆ ಬರುವ ಸರ್ಕಾರಿ ಅಂಬಾಸಡರಿನ ಇಂಜಿನ್ ಬಿಡಿಭಾಗಗಳ ಪಟ್ಟಿ, ಸಹಿ ಸಮೇತ. ಇಷ್ಟಕ್ಕೆ ಹೊಸ ಕಾನೂನು ಬೇಡ, ಬಜೆಟ್ ಬೇಡ, ವಿದೇಶ ಪ್ರವಾಸ ಬೇಡ. ಆದರೂ ಮಾಡುವುದಿಲ್ಲ. ಹಳೇ ಗಾಡಿ ಇಟ್ಟವರಲ್ಲಿ ಪ್ರಭಾವಿಗಳು ಬಹಳ. ಅವರ ಬಾನೆಟ್ ಎತ್ತಿಸುವ ಧೈರ್ಯ ಕಚೇರಿಯ ಕುರ್ಚಿಗಿಲ್ಲ. ಕೇಳಿದರೆ ಮುಂದಿನ ರ್ಯಾಲಿಗೆ ಆಹ್ವಾನ ಬರುವುದಿಲ್ಲ ಎಂಬ ಭಯ ಸಂಘಟಕರಿಗೆ.

ನಿಮಗೆ ಯಾವ ಆಹ್ವಾನದ ಹಂಗು? ನೀವು ರಸ್ತೆ ಬದಿಯಲ್ಲಿ ನಿಂತು ನೋಡುವವರು. ಈ ಸಲ ಕೈಕಟ್ಟಿ ನಿಲ್ಲಬೇಡಿ. ಸೆಲ್ಫಿ ಆಮೇಲೆ ತೆಗೆದುಕೊಳ್ಳಿ. ಮಿಂಚುವ ಗಾಡಿಯ ಹತ್ತಿರ ಹೋಗಿ, ಯಜಮಾನನ ಎದುರು ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿ: ಈ ಹೆಡ್ ಯಾವ ಗಾಡಿಯದು ಸ್ವಾಮೀ? ಇದರದ್ದೇ ಹೆಡ್ ಎಲ್ಲಿಟ್ಟಿದ್ದೀರಿ? ಬ್ಲಾಕ್ ಕೊರೆಸಿದ್ದೀರಾ? ಸಂಘಟಕರು ಬಂದು ತೋಳು ಹಿಡಿದರೆ ಅವರನ್ನೂ ಕೇಳಿ. ಕಪ್ ಕೊಡಲು ಬಂದ ಅಧಿಕಾರಿಯನ್ನೂ ಕೇಳಿ. ಉತ್ತರ ಬರುವ ತನಕ ಆ ಬಾನೆಟ್ ಮುಚ್ಚಲು ಬಿಡಬೇಡಿ.